ಊರವರ ರೇಟು

ಮುಂಬೈಯಿಂದ ಹೊರಡುವ ಹಡಗು, ಮೂರು ರಾತ್ರಿ.
ಬುಧವಾರ ಹತ್ತೂವರೆಗೆ ಪಟ್ಟಿ ಬಂತು:
ಕರ್ನಾಟಕ, ಗೋವಾ, ಮಹಾರಾಷ್ಟ್ರದವರಿಗೆ ಮಾತ್ರ
ನೂರಕ್ಕೆ ನಲವತ್ತು ಕಡಿಮೆ,
ವಿಳಾಸದ ಪುರಾವೆ ಕಡ್ಡಾಯ.

ಕೊಪ್ಪೀಕರ ರಸ್ತೆಯ ಈ ಎರಡನೇ ಮಹಡಿಯಿಂದ
ಸಮುದ್ರ ಕಾಣುವುದಿಲ್ಲ.
ಬನಿಯನ್ ಅಂಗಡಿಯ ಬೆನ್ನು ಕಾಣುತ್ತದೆ,
ಒಂದು ನೀರಿನ ಟಾಕಿ, ಅದರ ಮೇಲೆ ಪಾರಿವಾಳದ ಹಿಕ್ಕೆ.
ಆದರೂ ಕಂಪನಿಯ ನಕಾಶೆಯಲ್ಲಿ
ಹುಬ್ಬಳ್ಳಿಗೂ ನೀಲಿ ಬಳಿದಿದ್ದರು.

ಮಧ್ಯಾಹ್ನ ಮೆಟ್ಟಿಲೇರಿ ಬಂದಳು ಜನ್ನತಬಿ ಎಲಿಗಾರ,
ಶಾ ಬಜಾರಿನಲ್ಲಿ ಸವಣೂರಿನ ಎಲೆ ಮಾರುವಾಕೆ.
ಬೆರಳ ತುದಿ ಹಸಿರು, ಸೆರಗಿಗೆ ತೊಯ್ದ ತಟ್ಟಿನ ವಾಸನೆ.
ಮೊಮ್ಮಗನ ಫೋನಿನಲ್ಲಿ ಹಡಗು ನೋಡಿದಾಗಿನಿಂದ
ತಿಂಗಳಿಗೊಮ್ಮೆ ದರ ಕೇಳಿ ಇಳಿದು ಹೋಗುತ್ತಿದ್ದಳು.
ಕಡಿಮೆಯಾಗಿದೆ ಅಂದೆ.
"ಯಾಕ?" ಅಂದಳು.
ಅಗ್ಗವಾದದ್ದನ್ನು ತಿರುವಿ ನೋಡದೆ ಮುಟ್ಟುವವಳಲ್ಲ.

ಕಂಪನಿ ಕಲಿಸಿದ್ದನ್ನು ಒಪ್ಪಿಸತೊಡಗಿದೆ:
ನಮ್ಮ ನೆರೆಹೊರೆಯ ಅತಿಥಿಗಳಿಗೆ ಪ್ರೀತಿಯಿಂದ...
"ಪ್ರೀತಿ ಇರಲಿ. ಖೋಲಿ ಎಷ್ಟು ಖಾಲಿ ಅದಾವ?"

ಇನ್ನೂರ ಹನ್ನೊಂದು. ಹಡಗು ಬಿಡಲು ಹನ್ನೆರಡು ದಿನ.

"ಹಂಗನ್ನು ಮತ್ತ.
ಮುಂಜಾನಿ ಎಲಿ ಮದುವಿಯವರದು.
ರೋಣದಿಂದ ಬಸ್ ಚಾರ್ಜ್ ಕೊಟ್ಟು ಬಂದಿರತಾರ,
ಮುಹೂರ್ತ ಗೊತ್ತಾಗಿರತೈತಿ,
ಹೇಳಿದ ರೇಟಿಗೆ ಒಯ್ತಾರ.
ಸಂಜಿ ಎಲಿ ಓಣಿಯವರದು.
ಉಳದದ್ದು ಬೆಳಗಾಗೂದರಾಗ ಕಪ್ಪಾಗತೈತಿ,
ಅದರ ಬಾಜೂಕ ಕುಂತು ನಾ ಬೀಸಣಿಗಿ ಬೀಸಲೇನು?
ಆ ಹೊತ್ತಿಗೆ ರೋಣದವರನ್ನ ಕರದರ ಬರತಾರ?
ಕೂಗಳತಿ ಮಂದಿನ ಬರಬೇಕು,
ಚಪ್ಪಲಿ ಹುಡುಕದನ ಬರೂವಂಥವರು.
ಆದರ ರೇಟ್ ಇಳಿಸೇನಿ ಅಂತ ಪ್ಯಾಟ್ಯಾಗ ಒದರಬಾರದು.
ಮುಂಜಾನಿಯವರ ಹೊಟ್ಟಿ ಉರಿತೈತಿ,
ನಾಳೆಯಿಂದ ಅವರೂ ಸಂಜೀಗೇ ಬರತಾರ.
ಅದಕ್ಕ 'ನಮ್ಮ ಓಣಿಯವರು' ಅಂತ ಒಂದು ಹೆಸರು.
ಇನ್ನ, ಎಲಿ ಅಗ್ಗ ಒಯ್ದವರು
ಅಡಿಕಿ, ಸುಣ್ಣ, ಕಾಚು ನನ್ನ ಕಡೇನ ತಗೋತಾರ.
ಹಡಗಿನ್ಯಾಗ ಚಾ ಎಷ್ಟಕ್ಕ?"

ಚಾದ ದರ ಹೇಳಿದೆ.
"ಅಡಿಕಿ," ಅಂದು ನಕ್ಕಳು.

ಆಮೇಲೆ ಕುಪ್ಪಸದೊಳಗಿನ ಚೀಲದಿಂದ
ಎರಡು ಆಧಾರ್ ಕಾರ್ಡು ತೆಗೆದಿಟ್ಟಳು.
ಒಂದು ಆಕೆಯದು, ಗಣೇಶಪೇಟೆ.
ಇನ್ನೊಂದು ತಂಗಿ ಶಂಶಾದಳದು, ಜಹೀರಾಬಾದ್.

ಅದು ತೆಲಂಗಾಣ, ಅಂದೆ.
ನೀಲಿ ಬಳಿಯದ ಜಾಗಕ್ಕೆ ಬೆರಳಿಟ್ಟು ತೋರಿಸಿದೆ.
ತಂಗಿಗೆ ಪೂರಾ ದರ.

ಫ್ಯಾನು ಒಂದಿಷ್ಟು ಸುತ್ತು ಹಾಕಿತು.
"ಒಂದ ಚಾದರದಾಗ ಮಲಗಿದವರು," ಅಂದಳು,
ನನಗಲ್ಲ, ನಕಾಶೆಗೆ.
"ಇಪ್ಪತ್ತರಾಗ ಕೊಟ್ಟು ಕಳಸಿದ್ವಿ.
ರೋಣದಾಕಿ ಆಗಿಬಿಟ್ಲ ನೋಡು."

ನಿಯಮದ ಕಾಗದವನ್ನು ಎರಡು ಸಲ ಓದಿದೆ.
ಹುಟ್ಟಿದ ಊರು ಕೇಳುವ ಜಾಗ ಅದರಲ್ಲಿಲ್ಲ.
ನನ್ನ ಕಮಿಷನ್ನಿನಲ್ಲಿ ಬಿಟ್ಟುಕೊಡುತ್ತೇನೆ ಅಂದೆ,
ಅಂದಮೇಲೆ ಮನಸ್ಸಿನಲ್ಲೇ ಲೆಕ್ಕ ಹಾಕಿ ಸ್ವಲ್ಪ ಹೆದರಿದೆ.
"ನಿಂದು ಬ್ಯಾಡ.
ಇನ್ನೂರ ಹನ್ನೊಂದು ಖೋಲಿ ಶನಿವಾರದ ಮಟಾ ತುಂಬೂದಿಲ್ಲ.
ಹಡಗಿಗೂ ಸಂಜಿ ಆಗಲಿ. ಬರತೀನಿ."

ಬಾಗಿಲಲ್ಲಿ ತಿರುಗಿ ನಿಂತು ಕೇಳಿದಳು,
"ನೀ ಯಾವೂರಾಂವ?"
ಕಾರವಾರ, ಅಂದೆ.
ಒಂದು ಗಳಿಗೆ ತೂಗಿ ನೋಡಿದಳು.
"ಎಲಿ ಬೇಕಾದರ ಆರರ ಮ್ಯಾಲೆ ಬಾ.
ಕಾರ್ಡ್ ತರಬ್ಯಾಡ."

ಡೈರಿಯ ಶನಿವಾರದ ಹಾಳೆಯಲ್ಲಿ ಬರೆದೆ:
ಜನ್ನತಬಿ, ಶಂಶಾದ, ಒಂದು ಖೋಲಿ, ಕಿಟಕಿ ಇರುವುದು.
ದರದ ಕಾಲಂ ಖಾಲಿ ಬಿಟ್ಟು
ಪೆನ್ನಿಗೆ ಟೋಪಿ ಹಾಕಿದೆ.